ಸ್ಪೀಕರ್ ಪಳಗುವವರೆಗೆ

ಆ ವರ್ಷ ಕಾಫಿಗೆ ಒಳ್ಳೆಯ ರೇಟು ಸಿಕ್ಕ ಖುಷಿಯಲ್ಲಿ ಕೆ. ಹೊಸಕೋಟೆಯ ವೆಂಕಟೇಶ ಹಾಸನದಿಂದ ಹೊಸ ಟೇಪ್ ರೆಕಾರ್ಡರ್, ಎರಡು ದೊಡ್ಡ ಸ್ಪೀಕರ್ ತಂದ. ಹಾಕಿ ನೋಡಿದರೆ ಕಂಬಳಿ ಹೊದ್ದು ಹಾಡಿದಂಗೆ ದನಿ.

"ಹೊಸವು ಬಿಗಿಯಾಗಿರ್ತವಂತೆ ಕಣವ್ವ. ಪಳಗೋಗಂಟ ದಿನಾ ಸಣ್ಣಗೆ ಹಾಡಿಸ್ಬೇಕಂತೆ. ನೀನು ಮನೇಲೇ ಇರ್ತೀಯಲ್ಲ, ಕ್ಯಾಸೆಟ್ ಮುಗಿದಂಗೆಲ್ಲ ತಿರುವಿ ಹಾಕು," ಅಂದ.

ತೋಟದಲ್ಲಿ ಜಾರಿಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದ ಅವನ ಅವ್ವ ರಾಜಲಕ್ಷ್ಮಮ್ಮನಿಗೆ ಬೇರೆ ಕೆಲಸವೂ ಇರಲಿಲ್ಲ. ಮಗ, ಸೊಸೆ ಮೆಣಸು ಕೊಯ್ಯಲು ಹೋದ ಮೇಲೆ ಸೋಬಾನೆ ಪದದ ಕ್ಯಾಸೆಟ್ ಹಾಕಿದಳು. ಕೇಳುತ್ತ ಕೇಳುತ್ತ ಮೈ ಉರಿಯಿತು. "ಬಸ್ಸು ತಪ್ಪೋಯ್ತದಾ ನಿಮಗೆ? ಹಿಂಗಾ ಹಾಡೋದು?" ಎಂದು ಬೈದು, ತಾನೇ ಎಳೆದು ಹಾಡಿ ತೋರಿಸಿದಳು.

ಹಾಡಿದ ಮೇಲೆ ಗಾಬರಿಯಾಗಿ ಬಾಗಿಲ ಕಡೆ ನೋಡಿದಳು. ಒಂದು ಕಾಲದಲ್ಲಿ ಸುತ್ತಿನ ಊರುಗಳ ಮದುವೆಗೆಲ್ಲ ಅವಳೇ ಸೋಬಾನೆ ಹಾಡಬೇಕಿತ್ತು. ಗಂಡ ತೀರಿಕೊಂಡ ಮೇಲೆ ಯಾರೂ ಕರೆಯಲಿಲ್ಲ. ಅವಳೂ ಬಾಯಿ ತೆರೆದಿರಲಿಲ್ಲ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮತ್ತೆ ಹಾಡಿದಳು. ಆಮೇಲೆ ದಿನವೂ ಹಾಡಿದಳು.

ಒಂದು ಸಂಜೆ ಪಕ್ಕದ ಮನೆಯ ದೇವೀರಪ್ಪ ಮಗಳು ಚೈತ್ರಶ್ರೀಯನ್ನು ಕರೆದುಕೊಂಡು ಬಂದ. "ಇವಳ ಮದ್ವೆಗೆ ನಿನ್ ಸ್ಪೀಕರ್ ಕೊಡೋ ಮಾರಾಯ," ಅಂದ.

"ಇನ್ನೂ ಪಳಗಿಲ್ಲ ಮಾವ. ಈಗ್ಲೇ ಜೋರಾಗಿ ಹಾಕಿದ್ರೆ ಕೆಟ್ಟೋಗ್ಬುಡ್ತವೆ," ಎಂದ ವೆಂಕಟೇಶ.

"ಸ್ಪೀಕರ್ ಬ್ಯಾಡ ಬಿಡಪ್ಪ. ಅತ್ತೆ ಬಂದು ಹಾಡ್ಲಿ," ಅಂದಳು ಚೈತ್ರಶ್ರೀ. "ದಿನಾ ಬೇಲಿ ಪಕ್ಕ ನಿಂತು ಕೇಳ್ತಿದ್ದೆ."

ರಾಜಲಕ್ಷ್ಮಮ್ಮ ಬೇಡವೆಂದು ಕೈಯಾಡಿಸಿದಳು. "ಗಂಡ ಇಲ್ಲದೋಳು ನಾನು. ಹಾಡಬಾರ್ದು ಕಣವ್ವ."

"ಮದ್ವೆ ನಂದು ಅತ್ತೆ. ನಂಗೆ ನೀವೇ ಬೇಕು."

ದೇವೀರಪ್ಪ ತಲೆ ಕೆರೆದುಕೊಂಡ. "ಬಂದ್ಬುಡಕ್ಕ. ಯಾರೇನಂದ್ರೂ ನಾನು ನೋಡ್ಕತೀನಿ," ಎಂದ.

ಚಪ್ಪರದ ದಿನ ವೆಂಕಟೇಶ ಅವ್ವನ ಕೈ ಹಿಡಿದು ನಡೆಸಿಕೊಂಡು ಹೋದ. ಅವಳನ್ನು ಕಂಡು ಒಬ್ಬ ಮುದುಕಿ ಗೊಣಗುತ್ತ ಎದ್ದು ಒಳಗೆ ಹೋದಳು. ರಾಜಲಕ್ಷ್ಮಮ್ಮ ಮೊದಲ ಸಾಲನ್ನು ಅರ್ಧಕ್ಕೇ ಬಿಟ್ಟಳು. "ಇನ್ನೊಂದ್ಸಲ ಅತ್ತೆ," ಎಂದು ಮದುಮಗಳು ಅವಳ ಪಕ್ಕಕ್ಕೆ ಸರಿದು ಕೂತಳು. ಎರಡನೇ ಸಲ ದನಿ ಏರಿತು. ಸುತ್ತ ಕೂತ ಹೆಂಗಸರು ಸಾಲಿನ ಕೊನೆ ಹಿಡಿದು ಸೊಲ್ಲು ಕೂಡಿಸಿದರು.

ಹಾಡು ಮುಗಿದಾಗ ಯಾರೋ ಕಾಫಿ ತಂದಿಟ್ಟರು. ರಾಜಲಕ್ಷ್ಮಮ್ಮ ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟಳು. "ಇನ್ಯಾವುದು ಹಾಡ್ಲಿ, ಹೇಳ್ರೇ," ಅಂದಳು.