ವಿಷಾದರಾಯನ ಹನ್ನೊಂದು ಸಾಲು

ನಮ್ಮ ಪತ್ರಿಕೆಯಲ್ಲಿ ಯಾರು ಏನು ಬೇಕಾದರೂ ಬರೆಯಲಿ, ಆಮೇಲೆ ಅದಕ್ಕೆ ಕ್ಷಮೆ ಕೇಳುವ ಕೆಲಸ ಮೂವತ್ತೊಂದು ವರ್ಷದಿಂದ ನನ್ನದು. ಹೆಸರಿಗೆ ಹಿರಿಯ ಉಪಸಂಪಾದಕ. ಆಫೀಸಿನಲ್ಲಿ ಕರೆಯುವುದು ವಿಷಾದರಾಯ ಅಂತ. ಕ್ಷಮೆ ಅಂದೆನಲ್ಲ, ಅದೂ ಸುಳ್ಳೇ. ‘ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ ಪತ್ರಿಕೆ ವಿಷಾದಿಸುತ್ತದೆ’ ಎಂದು ಬರೆದು, ಏಳನೇ ಪುಟದ ಕೆಳಮೂಲೆಯಲ್ಲಿ, ಕಳೆದುಹೋದ ಅಂಕಪಟ್ಟಿಗಳ ಜಾಹೀರಾತಿನ ಪಕ್ಕ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿಸುತ್ತೇನೆ. ನೋವಾದವರು ಭೂತಗನ್ನಡಿ ಹಿಡಿದು ಹುಡುಕಿಕೊಳ್ಳಬೇಕು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಈ ಸಲ ಎಡವಟ್ಟು ಮಾಡಿದವನು ಭಾನುವಾರದ ಅಂಕಣಕಾರ. ಬೆಟ್ಟದ ಮೂಲನಿವಾಸಿಗಳು ತಮ್ಮ ನೆಲ ತಮಗೆ ಬಿಟ್ಟುಕೊಡಿ ಎಂದು ಕೇಳುತ್ತಿದ್ದರು. ಅದರ ಬಗ್ಗೆ ಬರೆಯುತ್ತ ಪುಣ್ಯಾತ್ಮ, ‘ನಾವೇ ಮೊದಲು ಬಂದವರು ಅನ್ನುತ್ತಾರೆ. ಅವರಿಗಿಂತ ಮೊದಲು ಮಂಗಗಳಿದ್ದವು. ಅವಕ್ಕೂ ಹಕ್ಕುಪತ್ರ ಕೊಡೋಣವೇ?’ ಎಂದು ಕೇಳಿದ್ದ. ಎಲುಬಿಲ್ಲದ ನಾಲಿಗೆ, ಬಿಡಿ. ಅಚ್ಚಿಗೆ ಹೋಗುವ ಮುಂಚೆ ಅದನ್ನು ಓದಿದ ಐದು ಜನರಿಗೆ ಕಣ್ಣಿರಲಿಲ್ಲವೇ? ಆ ಐದರಲ್ಲಿ ನಾನೂ ಒಬ್ಬ. ಒಂದು ಅಲ್ಪವಿರಾಮ ಸರಿ ಮಾಡಿ ಮುಂದಕ್ಕೆ ತಳ್ಳಿದ್ದೆ.

ನನ್ನ ಸೊಸೆ ಮೂಲನಿವಾಸಿ. ಹಲ್ಲಿನ ಡಾಕ್ಟರು. ಭಾನುವಾರ ಬೆಳಿಗ್ಗೆ ಪತ್ರಿಕೆಯನ್ನು ಮಡಚಿ ನನ್ನ ಮುಂದಿಟ್ಟಳು.

“ಮಾವ, ಇದನ್ನ ನೀವು ಮೊದಲೇ ಓದಿದ್ರಾ?”

“ಕೆಲಸದ ಗಡಿಬಿಡಿ ಕಣಮ್ಮ, ಅದೂ...”

“ಈ ಸಲ ನಿಮ್ಮವರು ನೆಟ್ಟಗೆ ತಪ್ಪಾಯ್ತು ಅನ್ನಲಿ. ಏಳನೇ ಪುಟದ ಕಥೆ ಬೇಡ. ಇಲ್ಲಾಂದ್ರೆ ನಾವು ಬೇರೆ ಮನೆ ಮಾಡ್ತೀವಿ. ಈ ಪೇಪರ್ ಬರೋ ಮನೇಲಿ ನನ್ನ ಮಗಳು ಬೆಳೆಯೋದು ಬೇಡ.”

ನನ್ನ ಮಗ ಬಗ್ಗಿ ಶೂ ಲೇಸು ಕಟ್ಟುವವನ ಹಾಗೆ ನಟಿಸಿದ. ಅವನ ಕಾಲಲ್ಲಿ ಇದ್ದದ್ದು ಹವಾಯಿ ಚಪ್ಪಲಿ. ನನ್ನ ಹೆಂಡತಿ ತೀರಿಹೋದ ಮೇಲೆ ಆ ಮನೆಯಲ್ಲಿ ನನ್ನದು ಅಂತ ಇರುವುದು ಆರು ವರ್ಷದ ಮೊಮ್ಮಗಳೊಬ್ಬಳೇ. ಅವಳು ಹೋದರೆ ನಾನು ಗೋಡೆ ನೋಡಿಕೊಂಡು ಕೂರಬೇಕು.

ಸೋಮವಾರ ಸಂಪಾದಕರ ಕೋಣೆಯಲ್ಲಿ ಸಭೆ. ಪತ್ರಿಕೆಯ ವಕೀಲರು ಕನ್ನಡಕ ಒರೆಸುತ್ತ ಕೇಳಿದ ಮೊದಲ ಪ್ರಶ್ನೆ, “ಮಂಗಗಳ ಹೆಸರು ಬಂದಿದೆಯಲ್ಲ, ಪ್ರಾಣಿ ದಯಾ ಸಂಘದವರು ಏನಾದ್ರೂ ಕೇಸು ಹಾಕ್ತಾರಾ?”

ನಾನು ಧೈರ್ಯ ಮಾಡಿದೆ. “ಸಾರ್, ಈ ಸಲ ಮೊದಲ ಪುಟದಲ್ಲಿ ತಪ್ಪಾಯ್ತು ಅಂತ ಹಾಕಿಬಿಡೋಣ.”

“ಏನ್ರೀ ವಿಷಾದರಾಯರೇ, ಮೈಗೆ ಹುಷಾರಿದೆ ತಾನೇ?” ಎಂದರು ಸಂಪಾದಕರು.

“ತಪ್ಪಾಯ್ತು ಅಂದ್ರೆ ತಪ್ಪು ಮಾಡಿದ್ವಿ ಅಂತ ಒಪ್ಪಿಕೊಂಡ ಹಾಗಾಗುತ್ತಲ್ರೀ!” ಎಂದರು ವಕೀಲರು, ದೊಡ್ಡ ಶೋಧನೆ ಮಾಡಿದವರಂತೆ.

ಕೊನೆಗೆ ಸಂಪಾದಕರು ಒಂದು ದಾರಿ ಕಂಡುಹಿಡಿದರು. ಪೂರ್ತಿ ಪುಟದ ಚರ್ಚೆ: ‘ಆ ಮಾತು ನಿಜಕ್ಕೂ ಅವಮಾನವೇ?’ ಬರೆದವರು ಒಬ್ಬ ನಿವೃತ್ತ ನ್ಯಾಯಾಧೀಶ, ಒಬ್ಬ ಮನೋವೈದ್ಯ, ವಾಕ್‌ಸ್ವಾತಂತ್ರ್ಯದ ಮೇಲೆ ಪುಸ್ತಕ ಬರೆದ ಒಬ್ಬ ಮಹಾಶಯ, ಮತ್ತು ಮಂಗಗಳ ಮೇಲೆ ಇಪ್ಪತ್ತು ವರ್ಷ ಸಂಶೋಧನೆ ಮಾಡಿದ ಪ್ರೊಫೆಸರು. ದೇವರಾಣೆಗೂ ಹೇಳುತ್ತೇನೆ, ಮಂಗಗಳ ಪರವಾಗಿ ಮಾತಾಡುವವರನ್ನು ಹುಡುಕಿ ತಂದೆವು, ಮೂಲನಿವಾಸಿಗಳ ಪೈಕಿ ಒಬ್ಬರಿಗೂ ಫೋನು ಮಾಡಲಿಲ್ಲ. ಯಾರಿಗೂ ಅದು ಹೊಳೆಯಲೇ ಇಲ್ಲ. ಓದುಗರ ಪತ್ರಗಳನ್ನು ಮಾತ್ರ ಪರ ಹನ್ನೆರಡು, ವಿರೋಧ ಹನ್ನೆರಡು ಎಂದು ಸಮ ಮಾಡಿ ಹಾಕಿದೆವು. ನಮ್ಮದು ನಿಷ್ಪಕ್ಷಪಾತ ಪತ್ರಿಕೆ.

ಬುಧವಾರ ಆಫೀಸಿನ ಮುಂದೆ ಬೆಟ್ಟದಿಂದ ಮುನ್ನೂರು ಜನ ಬಂದು ನಿಂತರು. ಸುಮ್ಮನೆ ನಿಂತರು, ಒಂದು ಘೋಷಣೆಯಿಲ್ಲ, ಒಂದು ಕಲ್ಲಿಲ್ಲ. ‘ಉದ್ರಿಕ್ತ ಗುಂಪಿನಿಂದ ಪತ್ರಿಕಾ ಕಚೇರಿಗೆ ಮುತ್ತಿಗೆ’ ಎಂದು ನಾವು ವರದಿ ಮಾಡಿದೆವು. ಮರುದಿನ ಆರುನೂರು ಜನ ಬಂದರು.

ಆಗ ಸಂಪಾದಕರಿಗೆ ಜ್ಞಾನೋದಯವಾಯಿತು. “ಅವರ ಪೈಕಿಯವರದ್ದೇ ಒಂದು ಲೇಖನ ಬೇಕಲ್ರೀ. ನೂರಾನಲವತ್ತು ಜನ ಇರೋ ಆಫೀಸಲ್ಲಿ ಒಬ್ರೂ ಇಲ್ವಾ?”

ಇರಲಿಲ್ಲ. ಬಾಯಿ ತಪ್ಪಿ ಅಂದೆ, “ನನ್ನ ಸೊಸೆ...”

“ಯಾರು, ಡಾಕ್ಟರಮ್ಮನಾ? ನನ್ನ ಎರಡು ದವಡೆ ಹಲ್ಲು ಕಿತ್ತವರು ಅವರೇ ಅಲ್ವೇನ್ರೀ! ಒಂದು ಚೂರು ನೋಯಿಸಲಿಲ್ಲ. ಛೇ, ನೋಡಿದ್ರೆ ಗೊತ್ತೇ ಆಗಲ್ಲ!” ಸಂಪಾದಕರು ತಮ್ಮ ದವಡೆ ಮುಟ್ಟಿ ನೋಡಿಕೊಂಡರು. “ಅವರ ಸಾಂಪ್ರದಾಯಿಕ ಉಡುಪಿನಲ್ಲಿ ಒಂದು ಫೋಟೋನೂ ಇರಲಿ.”

“ಅವಳು ಹಾಕ್ಕೊಳೋದು ಬಿಳಿ ಕೋಟು ಸಾರ್.”

ಸಂಜೆ ಮನೆಯಲ್ಲಿ ಅಳುಕುತ್ತಲೇ ಕೇಳಿದೆ. ಸೊಸೆ ಬಿಳಿ ಕೋಟು ಕಳಚಿ ಕುರ್ಚಿಗೆ ಹಾಕಿದಳು.

“ಬರೀತೀನಿ. ಆದ್ರೆ ಒಂದಕ್ಷರ ಕತ್ತರಿಸಬಾರದು.”

“ಆಯ್ತಮ್ಮ. ನನ್ನ ಮಾತು” ಎಂದೆ.

ಶುಕ್ರವಾರ ಮಧ್ಯಾಹ್ನ ಲೇಖನ ನನ್ನ ಮೇಜಿಗೆ ಬಂತು. ಮೊದಲೆರಡು ಪ್ಯಾರಾಗಳಲ್ಲಿ ಪತ್ರಿಕೆಯ ಚಳಿ ಬಿಡಿಸಿದ್ದಳು. ಭಲೇ ಅಂದುಕೊಂಡೆ. ಮೂರನೆಯದು ಹನ್ನೊಂದು ಸಾಲು:

‘ಆ ಅಂಕಣಕಾರರನ್ನು ನಾನು ನೋಡಿಲ್ಲ. ನಾನು ನೋಡಿರುವುದು ನನ್ನ ಮಾವನವರನ್ನು. ಮದುವೆಯಾಗಿ ಮೊದಲ ದಿನ ನಾನು ಆ ಮನೆಗೆ ಕಾಲಿಟ್ಟಾಗ ಅವರು ಎದ್ದು ಹೋಗಿ ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಟ್ಟುಕೊಂಡರು. ಆಮೇಲೆ ನಗುತ್ತ ಬಂದು ಕಾಫಿ ಕುಡಿಯಮ್ಮ ಎಂದರು. ಅವರು ಒಳ್ಳೆಯವರು. ಆ ಒಳ್ಳೆಯವರ ಮನೆಯಲ್ಲಿ ಎಂಟು ವರ್ಷದಿಂದ, ಒಬ್ಬಳೇ ಇರುವಾಗ ನಾನು ಬೀರು ಇರುವ ಕೋಣೆಗೆ ಹೋಗುವುದಿಲ್ಲ.’

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಬೀಗ ನನಗೆ ನೆನಪೇ ಇರಲಿಲ್ಲ ಎಂದು ಇಲ್ಲಿ ಬರೆಯಬಹುದಿತ್ತು. ಇತ್ತು, ಚೆನ್ನಾಗಿ ನೆನಪಿತ್ತು. ಅವಳು ನೋಡಿರಲಿಲ್ಲ ಎಂದು ಎಂಟು ವರ್ಷ ನಂಬಿಕೊಂಡಿದ್ದೆ. ಮಾನ ಹೋಗುತ್ತದಲ್ಲ, ಊರೆಲ್ಲ ಓದುತ್ತದಲ್ಲ ಎಂದು ಪೆನ್ನು ಎತ್ತಿಕೊಂಡೆ. ಹನ್ನೊಂದೂ ಸಾಲು ಕತ್ತರಿಸಿದೆ. ‘ಸ್ಥಳಾಭಾವದಿಂದ’ ಎಂದು ಪಕ್ಕದಲ್ಲಿ ಬರೆದು ಕಳಿಸಿದೆ.

ಅರ್ಧ ಗಂಟೆಯಲ್ಲಿ ಸಂಪಾದಕರ ಕೋಣೆಗೆ ಬುಲಾವ್ ಬಂತು. ವಕೀಲರೂ ಅಲ್ಲೇ ಕೂತಿದ್ದರು. “ಚಿನ್ನದಂಥ ಪ್ಯಾರಾ ತೆಗೆದುಬಿಟ್ಟಿದ್ದೀರಲ್ರೀ! ನಿಮ್ಮ ಸೊಸೆ ನನಗೂ ಒಂದು ಪ್ರತಿ ಕಳಿಸಿದ್ದಾರೆ ಅಂತ ಬಚಾವಾಯ್ತು” ಎಂದರು ಸಂಪಾದಕರು. “ಅಂಕಣಕಾರರನ್ನ ನೋಡೇ ಇಲ್ಲ ಅಂತ ಅವರೇ ಬರೆದಿದ್ದಾರೆ. ಅಂದ್ರೆ ಸಮಸ್ಯೆ ಪತ್ರಿಕೇಲಿಲ್ಲ, ನಿಮ್ಮನೇಲಿದೆ. ಹಾಕಿ ಮೊದಲ ಪುಟಕ್ಕೆ!”

ವಕೀಲರು ಎದ್ದು ನಿಂತು ನನ್ನ ಕೈ ಕುಲುಕಿದರು. ಪತ್ರಿಕೆಯನ್ನು ಬೈದಿದ್ದ ಎರಡು ಪ್ಯಾರಾ ಮಾತ್ರ ಬಿದ್ದುಹೋದವು. ಸ್ಥಳಾಭಾವದಿಂದಲೇ. ಶೀರ್ಷಿಕೆ, ‘ಬೀಗ ಹಾಕಿದ ಮಾವ’. ಅದರ ಕೆಳಗೇ ನಮ್ಮ ಅಂಕಣಕಾರನ ಹೊಸ ಬರಹ: ‘ಬದಲಾವಣೆ ಮೊದಲು ಮನೆಯಿಂದ ಶುರುವಾಗಲಿ’. ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ!

ಭಾನುವಾರ ಬೆಳಿಗ್ಗೆ ಬಚ್ಚಲಿನಲ್ಲಿ ಬೇಕಂತಲೇ ಹೊತ್ತು ಮಾಡಿ ಹೊರಗೆ ಬಂದೆ. ಸೊಸೆ ಪತ್ರಿಕೆ ಹರಡಿಕೊಂಡು ಮೇಜಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಮೊಮ್ಮಗಳು ಹಾಲಿನ ಲೋಟ ಹಿಡಿದಿದ್ದಳು. ಮಗ ಗ್ಯಾಸ್ ಒಲೆ ಒರೆಸುತ್ತಿದ್ದ, ಹುಟ್ಟಿದಾಗಿನಿಂದ ಮೊದಲ ಸಲ.

“ನಿಮ್ಮ ಪೇಪರ್ ತಪ್ಪಾಯ್ತು ಅನ್ನಲಿಲ್ಲ” ಎಂದಳು ಸೊಸೆ. “ಮೊದಲಿನ ಎರಡು ಪ್ಯಾರಾನೂ ನುಂಗಿಹಾಕಿದ್ದಾರೆ. ಅದು ಸಂಪಾದಕರ ಕೆಲಸ, ಗೊತ್ತಾಯ್ತು. ಆದ್ರೆ ಈ ಬೀಗದ ಪ್ಯಾರಾನ ನೀವು ಮುಟ್ಟಲಿಲ್ಲ. ನಿಮ್ಮ ಮಾನ ಹೋಗುತ್ತೆ ಅಂತ ಗೊತ್ತಿದ್ದೂ ಬಿಟ್ರಿ.” ಅವಳ ಕಣ್ಣು ತುಂಬಿತ್ತು. “ಕತ್ತರಿಸ್ತೀರಿ ಅಂದ್ಕೊಂಡಿದ್ದೆ ಮಾವ. ನಾವು ಎಲ್ಲೂ ಹೋಗಲ್ಲ.”

ಸುಮ್ಮನಿದ್ದರೆ ಸಾಕಿತ್ತು. ಬಯಸಿದ್ದೆಲ್ಲ ಸಿಕ್ಕಿತ್ತು. ಮೊಮ್ಮಗಳು ಅಲ್ಲೇ ಇದ್ದಳು, ತುಟಿಯ ಮೇಲೆ ಹಾಲಿನ ಮೀಸೆ. ನಾನು ಕುರ್ಚಿ ಎಳೆದು ಕೂತೆ. ಸೊಸೆ ಕಣ್ಣೊರೆಸಿಕೊಂಡು ನನಗೆ ಕಾಫಿ ಬಗ್ಗಿಸಿದಳು. ನಾನು ಆ ಕಾಫಿಯನ್ನು ಪಕ್ಕಕ್ಕೆ ಸರಿಸಿದೆ.

“ಕತ್ತರಿಸಿದ್ದೆ ಕಣಮ್ಮ” ಎಂದೆ. “ಹನ್ನೊಂದು ಸಾಲೂ ತೆಗೆದಿದ್ದೆ. ತಮ್ಮ ತಲೆ ಉಳಿಸಿಕೊಳ್ಳೋಕೆ ಸಂಪಾದಕರು ವಾಪಸ್ ಹಾಕಿದ್ರು. ನಿನಗೆ ಮಾತು ಕೊಟ್ಟು ತಪ್ಪಿದೆ. ತಪ್ಪು ನನ್ನದು.”

ಮಗನ ಕೈ ಒಲೆಯ ಮೇಲೆ ನಿಂತಿತು. ಸೊಸೆ ಅಳಲಿಲ್ಲ, ಕೂಗಾಡಲಿಲ್ಲ. ಪತ್ರಿಕೆಯನ್ನು ನನ್ನ ಕಡೆ ತಿರುಗಿಸಿದಳು.

“ಹಾಗಾದ್ರೆ ನೀವೇ ಓದಿ. ಗಟ್ಟಿಯಾಗಿ. ಅವಳೂ ಕೇಳಲಿ.”

ಓದಿದೆ. ಎಷ್ಟೋ ಸಾವಿರ ಸಾಲು ತಿದ್ದಿದವನ ಬಾಯಿ, ಹನ್ನೊಂದಕ್ಕೆ ಮೂರು ಸಲ ನಿಂತಿತು. ಮುಗಿದ ಮೇಲೆ ಮೊಮ್ಮಗಳು ಲೋಟ ಕೆಳಗಿಟ್ಟಳು.

“ಯಾಕಜ್ಜ ಬೀಗ ಹಾಕಿದ್ರಿ?”

ಬಾಯಿಗೆ ಬಂದ ಐದಾರು ವಾಕ್ಯ ನುಂಗಿಕೊಂಡೆ. ಎಲ್ಲವೂ ಏಳನೇ ಪುಟದವು.

“ನಿಮ್ಮಮ್ಮ ಬೆಟ್ಟದವಳು, ಕದೀತಾಳೆ ಅಂದ್ಕೊಂಡಿದ್ದೆ ಪುಟ್ಟಿ.”

ಅವಳು ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ತನ್ನ ಎರಡು ಅಂಗೈಗಳನ್ನೂ ಮೇಜಿನ ಮೇಲೆ ಬಿಡಿಸಿಟ್ಟು ನೋಡಿಕೊಂಡಳು.

“ನನ್ನನ್ನೂ ಹಂಗೇ ಅಂದ್ಕೊಂಡಿದ್ದೀರಾ ಅಜ್ಜ?”