ಸೇರಿನ ಲೆಕ್ಕದ ಇಪ್ಪತ್ತು

ಯಾವ ಕಾಲದ್ದೆಂದು ಕೇಳಬೇಡಿ, ಕುರುಗೋಡಿನಲ್ಲಿ ಒಬ್ಬ ಅಜ್ಜಿ ಇದ್ದಳು, ಹನುಮಮ್ಮ ಅಂತ. ಸಂತೆಯಲ್ಲಿ ಜೋಳ ಅಳೆದು ಮಾರುತ್ತ ನಲವತ್ತು ವರ್ಷ ಕಳೆದವಳು. ಅವಳಿಗೊಬ್ಬಳು ಮೊಮ್ಮಗಳು, ಗೌತಮಿ. ಕತೆಯ ರಾಜಕುಮಾರಿಯರಿಗೆ ಏಳು ಸಮುದ್ರ ದಾಟುವ ಪಣ. ಗೌತಮಿಯದು ಆರು ಬಣ್ಣದ ಕ್ಯೂಬ್.

ಅಜ್ಜಿಯ ಕಣ್ಣಿನ ನರ ಒಣಗುತ್ತಿದೆ, ಹೋದ ಬೆಳಕು ಮರಳುವುದಿಲ್ಲ, ಇರುವುದೂ ಹೆಚ್ಚು ದಿನ ಉಳಿಯದು ಎಂದು ಬಳ್ಳಾರಿಯ ಡಾಕ್ಟರು ಹೇಳಿದ ದಿನ, ವಾಪಸು ಬರುವ ಬಸ್ಸಿನಲ್ಲಿ ಗೌತಮಿ ಮಾತು ಕೊಟ್ಟಳು: ನಿನಗೆ ಕಾಣುತ್ತಿರುವಾಗಲೇ, ಇಪ್ಪತ್ತು ಎಣಿಸುವುದರೊಳಗೆ, ಒಂದೊಂದು ಮುಖಕ್ಕೂ ಒಂದೊಂದೇ ಬಣ್ಣ ಕೂಡಿಸಿ ತೋರಿಸುತ್ತೇನೆ. ಆಮೇಲೆ ಅಜ್ಜಿಗೆ ಬೇರೆ ಏನನ್ನೂ ನೋಡುವ ಆಸೆ ಉಳಿಯಲಿಲ್ಲ.

ತೊಡಕಿದ್ದದ್ದು ಒಂದೇ ಕಡೆ. ಹಿಡಿದಾಗ ಕಾಣುವುದು ಮೂರು ಮುಖ. ಬೇಕಾದ ತುಂಡು ಹಿಂದೆ ಅಡಗಿದ್ದರೆ ಗೌತಮಿ ಕ್ಯೂಬನ್ನೇ ಹೊರಳಿಸಿ ಹುಡುಕುತ್ತಿದ್ದಳು. ಹೊತ್ತೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. ನೋಡಿ ನೋಡಿ ಅಜ್ಜಿ ಅಂದಳು: "ಊಟಕ್ಕ ಕುಂತವರ್ನ ನೋಡವ್ವಾ. ಪಂಕ್ತ್ಯಾಗ ಯಾರಿಲ್ಲೋ ಅವ್ರು ಒಲಿ ಮುಂದ ಅದಾರ ಅಂತ ಗೊತ್ತಾಕ್ಕತಿ. ಎದ್ದು ಹೋಗಿ ಯಾಕ ಇಣುಕ್ತಿ?"

ಅಂದಿನಿಂದ ಗೌತಮಿ ಕಂಡದ್ದನ್ನು ಲೆಕ್ಕ ಹಿಡಿದು ಕಾಣದ್ದನ್ನು ತಿಳಿಯತೊಡಗಿದಳು. ಮೂಲೆಯ ತುಂಡಿನ ಎರಡು ಬಣ್ಣ, ಅವು ನಿಂತ ಸರದಿ ಕಂಡರೆ ಸಾಕು, ಮರೆಯಲ್ಲಿರುವ ಮೂರನೆಯದು ಇಂಥದ್ದೇ. ಶ್ರಾವಣ ಮುಗಿಯುವಷ್ಟರಲ್ಲಿ, ಅಜ್ಜಿ ಹತ್ತೊಂಬತ್ತು ಎನ್ನುತ್ತಿರುವಾಗಲೇ ಕ್ಯೂಬ್ ಕೂಡಿತು. ಇಬ್ಬರೂ ಬೆಲ್ಲ ತಿಂದರು.

ಸಿರುಗುಪ್ಪದ ಸೋದರಮಾವನ ಮಗ ವಿಜಯಕುಮಾರನ ಮುಂದೆ ಗೌತಮಿ ಅದನ್ನು ಹೇಳಿಕೊಂಡಳು. ಇನ್ನೊಮ್ಮೆ ಕೂಡಿಸಲು ಹೇಳಿ ಅವನು ಮೊಬೈಲಿನಲ್ಲಿ ಹೊತ್ತು ಹಿಡಿದ. ಮೂವತ್ತೊಂಬತ್ತು ಸೆಕೆಂಡು. ಅಜ್ಜಿ ಎಣಿಸುವುದು ಹೇಗೆಂದು ಕೇಳಿದ. "ಲಾಭೋ ಲಾಭ... ಎರಡೋ ಎರಡು..." ಎಂದು ಗೌತಮಿ ಎಣಿಸಿ ತೋರಿಸಿದಳು. ಒಂದು ಎನ್ನದೆ ಲಾಭವೆಂದು ಶುರುಮಾಡಿ, ಸೇರು ತುಂಬುವ ತನಕ ಅದೇ ಅಂಕಿಯನ್ನು ಎಳೆಯುವ ಸಂತೆಯ ಎಣಿಕೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೇ, ನಿಮ್ಮಜ್ಜಿ ಹೊತ್ತು ಅಳದಿಲ್ಲಲೇ, ಇಪ್ಪತ್ತು ಸೇರು ಜ್ವಾಳ ಅಳದಾಳ."

ಮುಚ್ಚಿಡಬಹುದಿತ್ತು, ಗೌತಮಿಗೆ ಆಗಲಿಲ್ಲ. ಅಜ್ಜಿಗೆ ಹೇಳಿಬಿಟ್ಟಳು.

"ಹಂಗಾರ ಇನ್ನೂ ಆಗಿಲ್ಲ ಬಿಡು. ಇನ್ನಮ್ಯಾಲೆ ಮೊಬೈಲೇ ಎಣಸ್ಲಿ."

ಮೂವತ್ತೈದು. ಮೂವತ್ತು. ದೀಪಾವಳಿಗೆ ಇಪ್ಪತ್ತಾರು, ಅಷ್ಟೊತ್ತಿಗೆ ಅಜ್ಜಿ ಯಾವುದು ಕೆಂಪು, ಯಾವುದು ಕೇಸರಿ ಎಂದು ಕೇಳತೊಡಗಿದ್ದಳು. ಸಂಕ್ರಾಂತಿಗೆ ಇಪ್ಪತ್ತೆರಡು, ಅಜ್ಜಿ ಗೋಡೆ ಹಿಡಿದು ನಡೆಯುತ್ತಿದ್ದಳು. ಮತ್ತೆರಡು ಸಲ ಬಳ್ಳಾರಿಗೆ ಹೋಗಿಬಂದರು. ಡಾಕ್ಟರು ಕಣ್ಣಿನ ಹನಿ ಬದಲಿಸಿದರು, ಮಾತು ಬದಲಿಸಲಿಲ್ಲ. ಉಳಿದ ಎರಡು ಸೆಕೆಂಡು ಎಲ್ಲಿ ಹುಡುಕಿದರೂ ಸಿಗದೆ ಗೌತಮಿಯ ಬೆರಳ ತುದಿ ಸಿಪ್ಪೆಯೆದ್ದವು. ಬಿಡು ಎಂದು ಅಜ್ಜಿ ಒಮ್ಮೆಯೂ ಅನ್ನಲಿಲ್ಲ. ಅದೇ ಗೌತಮಿಯನ್ನು ಸುಡುತ್ತಿತ್ತು.

ಶಿವರಾತ್ರಿಯ ಮರುದಿನ ಮಧ್ಯಾಹ್ನ, ಪಡಸಾಲೆಯಲ್ಲಿ ಅಜ್ಜಿಯ ಎದುರು ಕೂತು ಮಾತಿಲ್ಲದೆ ಮೊಬೈಲ್ ಒತ್ತಿದಳು. ನಡುವಿನ ಸಾಲಿಗೆ ಬೇಕಾದ ಕೆಂಪು-ನೀಲಿ ತುಂಡು ಮುಂದಿಲ್ಲ, ಮೇಲಿಲ್ಲ, ಬಲಕ್ಕೂ ಇಲ್ಲ. ಹಾಗಾದರೆ ಹಿಂದೆ, ಎಡಕ್ಕೇ. ಹೊರಳಿಸಿ ನೋಡಲಿಲ್ಲ, ಬೆರಳು ನೇರ ಅಲ್ಲಿಗೇ ಹೋದವು. ಆರೂ ಮುಖ ಕೂಡಿದವು. ಹತ್ತೊಂಬತ್ತು ಸೆಕೆಂಡು, ಮೇಲೆ ಚಿಲ್ಲರೆ.

ಅಂಗೈಯಲ್ಲಿಟ್ಟು ಅಜ್ಜಿಯ ಮುಖದ ಮುಂದೆ ಹಿಡಿದಳು. ಅಜ್ಜಿ ಅವಳ ಭುಜದಾಚೆ, ಬಾಗಿಲಿನ ಕಡೆ ಮುಖಮಾಡಿ ಕೂತಿದ್ದಳು.

"ಶುರು ಮಾಡಿದೇನವ್ವಾ?"

"ಮುಗೀತಜ್ಜಿ," ಅಂದಳು ಗೌತಮಿ.