ಒಳಗಡೆ ಹಿಡಿಯುವವಳು

"ಒಳಗಡೆ ಹಿಡಿಯೋದು ನನ್ನ ಕೆಲಸ ಅತ್ತಿಗೆ. ನಮ್ಮಣ್ಣ ಇರಲಿ ಬಿಡಲಿ, ನೀವು ಕರೆದಾಗ ಬರ್ತೀನಿ."

ನಾದಿನಿ ಹೀಗೆ ಮಾತು ಕೊಟ್ಟಾಗ ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ದೋಣಿಯ ಹಿಂದಿನ ಸೀಟಿನ ಕೆಳಗಿಂದ ತಲೆ ಹೊರಗೆ ಹಾಕಿ, ಕೆನ್ನೆಗೆಲ್ಲ ಅಲ್ಯೂಮಿನಿಯಂ ಕಪ್ಪು ಬಳಿದುಕೊಂಡು, ನಗುತ್ತ ಹೇಳಿದ್ದಳು.

ಅವಳಣ್ಣ ಬಿಟ್ಟೇ ಹೋದ. ಬೇರೆ ಊರು, ಬೇರೆ ಸಂಸಾರ. ನನ್ನ ಪಾಲಿಗೆ ಮಗಳೂ ದೋಣಿಯೂ ಉಳಿದವು. ನಾದಿನಿ ಅಣ್ಣನ ಪಕ್ಷ ವಹಿಸಿದಳು. ಅತ್ತಿಗೆಯ ಬಾಯಿ ತಾಳಲಾರದೆ ಹೋದ ಎಂದು ನಾಲ್ಕು ಜನರೆದುರು ಆಡಿದ್ದು ನನ್ನ ಕಿವಿಗೂ ಬಿತ್ತು. ಅಲ್ಲಿಂದ ಮಾತು ನಿಂತಿತು.

ಬೆಳಗಿನ ಪಾಳಿಯವರನ್ನು ಆಚೆ ದಡದ ಕಾರ್ಖಾನೆಗೆ ದಾಟಿಸಿ ಸಂಜೆ ಕರೆತರುವುದು ನಮ್ಮ ಜೀವನ. ಈಚೆಗೆ ಎಂಜಿನ್ ಜೋರು ಮಾಡಿದರೆ ಹಿಂಬದಿಯೆಲ್ಲ ನಡುಗುತ್ತಿತ್ತು, ಕಾಲಡಿ ನೀರು ನಿಲ್ಲುತ್ತಿತ್ತು. ಎಂಜಿನ್ ಇಳಿಸಿ ನೋಡಿದರೆ, ಅದನ್ನು ಹೊತ್ತ ಹಿಂದಿನ ಅಲ್ಯೂಮಿನಿಯಂ ತಗಡು ಸ್ಟೀಲ್ ಬೋಲ್ಟುಗಳ ಸುತ್ತ ಬಿಳಿ ಪುಡಿಯಾಗಿ ಉದುರಿತು. ಒಳಗಿನ ಮರದ ಹಲಗೆ ನೆನೆದ ರಟ್ಟಿನಂತಿತ್ತು.

ಕರೆಸಿದ ವೆಲ್ಡರ್ ಟಾರ್ಚ್ ಬೆಳಕು ಬಿಟ್ಟು ಬಗ್ಗಿ ನೋಡಿದ. "ಅಕ್ಕಾ, ಇದು ದೋಣಿನೋ ಜರಡಿನೋ?"

ಇಷ್ಟು ತೆಳುವಾದ ತಗಡಿಗೆ ಬೆಂಕಿ ತೋರಿಸಿದರೆ ತೂತು ಇನ್ನೂ ದೊಡ್ಡದಾಗುತ್ತದೆ, ತಿಂದುಹೋದದ್ದನ್ನು ಕತ್ತರಿಸಿ ಹೊಸ ತಗಡಿಟ್ಟು ರಿವೆಟ್ ಮೊಳೆ ಹೊಡೆಯಬೇಕು ಎಂದ. ಅದು ಒಬ್ಬರ ಕೆಲಸವಲ್ಲ. ಹೊರಗಿನಿಂದ ಒಬ್ಬರು ಹೊಡೆಯುವಾಗ, ರಿವೆಟ್ಟಿನ ಬಾಲ ಚಪ್ಪಟೆಯಾಗಲು ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ದಿಮ್ಮಿ ಒತ್ತಿ ಹಿಡಿಯಬೇಕು. ವೆಲ್ಡರನ ಹೊಟ್ಟೆ ಸೀಟಿನ ಕೆಳಗಿನ ಸಂದಿಯಲ್ಲಿ ತೂರುವಂಥದ್ದಲ್ಲ. ಮಗಳ ಕೈ ಆ ಭಾರ ತಡೆಯುವಂಥದ್ದಲ್ಲ. ಸೋಮವಾರ ದೋಣಿ ನೀರಿಗಿಳಿಯದಿದ್ದರೆ ಪಾಳಿಯವರಿಗೆ ಬೇರೆ ದೋಣಿ ನೋಡುತ್ತೇನೆಂದು ಕಾರ್ಖಾನೆಯ ಮೇಸ್ತ್ರಿ ಹೇಳಿಯಾಗಿತ್ತು.

ನಾದಿನಿಗೆ ಮೊಬೈಲಿನಲ್ಲಿ ಎರಡೇ ಮಾತು ಬರೆದೆ: ರಿವೆಟ್ ಹೊಡೆಯೋದಿದೆ, ಭಾನುವಾರ. ಉತ್ತರ ಬರಲಿಲ್ಲ.

ಭಾನುವಾರ ಅವಳೇ ಬಂದಳು. ಮನೆಯೊಳಗೆ ಕಾಲಿಡದೆ ನೇರ ಶೆಡ್ಡಿಗೆ ಹೋದಳು. "ಅತ್ತೆ" ಎಂದು ಓಡಿಬಂದ ಮಗಳ ಕೆನ್ನೆ ತಟ್ಟಿದಳು. ದಿಮ್ಮಿ ಕೈಗೆತ್ತಿಕೊಂಡಳು.

"ಎಲ್ಲಿಂದ ಶುರು?"

ಮಾತಿನ ಕೊನೆಯಲ್ಲಿ ಮೊದಲಿನಂತೆ ಅತ್ತಿಗೆ ಎಂಬುದು ಇರಲಿಲ್ಲ. ಕೆಳಗಿನಿಂದ ಎಂದೆ. ಮೈ ಕುಗ್ಗಿಸಿ ಒಳಗೆ ತೂರಿಕೊಂಡಳು.

ಮೊದಲು ಅವಳಣ್ಣ ಹೊಡೆಯುತ್ತಿದ್ದ, ನಾನು ರಿವೆಟ್ ಎತ್ತಿಕೊಡುತ್ತಿದ್ದೆ. ಆಗಿನಿಂದಲೂ ತಗಡಿನಾಚೆಯ ಭಾಷೆ ಒಂದೇ. ಒಳಗಿನಿಂದ ಒಂದು ತಟ್ಟು ಎಂದರೆ ಸರಿಯಾಗಿ ಕೂತಿತು. ಎರಡು ಎಂದರೆ ಇನ್ನೊಂದೇಟು ಬೇಕು. ಮೂರು ಎಂದರೆ ಟೀ. ಆ ಮೂರನ್ನು ಹುಟ್ಟುಹಾಕಿದವಳೇ ಅವಳು. ಅರ್ಧ ಸಾಲು ಮುಗಿಯುವ ಮೊದಲೇ ತಟ್ಟಿ ಅಣ್ಣನಿಂದ ಬೈಸಿಕೊಳ್ಳುತ್ತಿದ್ದಳು.

ವೆಲ್ಡರ್ ಕತ್ತರಿಸಿ ಕೊಟ್ಟಿದ್ದ ಹೊಸ ತಗಡಿಟ್ಟು, ಸಂದಿಗೆ ಅಂಟು ಬಳಿದು ಹೊಡೆಯತೊಡಗಿದೆ. ಮೊದಲನೆಯದೇ ಸೊಟ್ಟಗಾಯಿತು. ಎರಡು ತಟ್ಟು. ಮತ್ತೆ ಹೊಡೆದೆ. ಮತ್ತೆ ಎರಡು.

"ಸುತ್ತಿಗೆ ನೇರ ಬೀಳಬೇಕು," ಒಳಗಿನಿಂದ ದನಿ ಬಂತು.

ಇನ್ನೇನಾದರೂ ಬರುತ್ತದೇನೋ ಎಂದು ಸುತ್ತಿಗೆ ಎತ್ತಿಕೊಂಡೇ ನಿಂತೆ. ಬರಲಿಲ್ಲ. ಆಮೇಲೆ ಕೈ ಕುದುರಿತು. ಏಟು, ತಟ್ಟು, ಏಟು, ತಟ್ಟು. ಕೆಳಸಾಲು ಮುಗಿದು ಮೇಲಿನ ಸಾಲಿಗೆ ಬಂದೆವು. ನಡುವೆ ಒಮ್ಮೆ ಅವಳು ಕೆಮ್ಮಿದಳು. ಇಷ್ಟು ತೆಳು ತಗಡು, ಅವಳ ಉಸಿರೂ ಕೇಳುತ್ತಿತ್ತು.

ಕೊನೆಯ ರಿವೆಟ್ಟಿಗೆ ಒಂದು ತಟ್ಟು ಬಂದ ಮೇಲೆ ಸುತ್ತಿಗೆ ಕೆಳಗಿಟ್ಟೆ. ಬೆರಳು ಮಡಿಸಿ ತಗಡಿನ ಮೇಲೆ ಮೂರು ಸಲ ತಟ್ಟಿದೆ.

ಬಹಳ ಹೊತ್ತಿನ ಮೇಲೆ, ಮೆತ್ತಗೆ, ಒಂದೇ ಒಂದು ತಟ್ಟು ಬಂತು.

ಹೊರಗೆ ಬಂದವಳ ಕೆನ್ನೆಯಲ್ಲಿ ಅದೇ ಕಪ್ಪು. ಮಗಳು ಆಗಲೇ ಎರಡು ಲೋಟ ಟೀ ತಂದು ಸ್ಟೂಲಿನ ಮೇಲಿಟ್ಟಿದ್ದಳು. ನಾದಿನಿ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡಳು, ದಿಮ್ಮಿಯನ್ನೂ ಒರೆಸಿ ಅದರ ಜಾಗದಲ್ಲಿಟ್ಟಳು.

"ಬಸ್ಸಿದೆ," ಎಂದಳು.

ಅವಳು ತಿರುವು ದಾಟುವವರೆಗೂ ಮಗಳು ಗೇಟಿನಲ್ಲಿ ನಿಂತಿದ್ದಳು. ನಾನು ಒಂದು ಲೋಟ ಕುಡಿದೆ. ಇನ್ನೊಂದರ ಮೇಲೆ ಕೆನೆ ಕಟ್ಟಿತು. ಸಂಜೆ ಹೊಸ ಹಲಗೆ ಕೂರಿಸಿ, ಬೋಲ್ಟಿಗೂ ತಗಡಿಗೂ ನಡುವೆ ರಬ್ಬರ್ ಕೊಟ್ಟು ಎಂಜಿನ್ ಏರಿಸಿದೆ.

ಸೋಮವಾರ ಪಾಳಿಯವರನ್ನು ದಾಟಿಸಿದೆ. ಒಂದು ಹನಿ ನೀರೂ ಒಳಗೆ ಬರಲಿಲ್ಲ.

ಕರೆದಾಗ ಬರುತ್ತೇನೆ ಎಂದಿದ್ದಳು, ಬಂದಳು. ಹಿಡಿಯುತ್ತೇನೆ ಎಂದಿದ್ದಳು, ಹಿಡಿದಳು.